ಜುರ್ಮಾನೆ ಮತ್ತು ಜುಲ್ಮಾನೆ

ಉರ್ದುವಿನಲ್ಲಿ ದಂಡಕ್ಕೆ ‘ಜುರ್ಮಾನಾ’ ಎನ್ನುತ್ತಾರೆ. ‘ಜುರ್ಮ್’ ಎಂದರೆ ಅಪರಾಧ. ಅದೇ ಪದ ಕನ್ನಡಕ್ಕೆ ಬಂದು ‘ಜುಲ್ಮಾನೆ’ ಆಯಿತು. ‘ಜುಲ್ಮ್’ ಎಂದರೆ ದಬ್ಬಾಳಿಕೆ. ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ ಯಾರೋ ಕನ್ನಡಿಗ ಬೇಕೆಂದೇ ಆ ಅಕ್ಷರ ಬದಲಿಸಿರಬೇಕೆಂದು ನನಗೆ ಅನ್ನಿಸುವುದುಂಟು. ಬೆಂಗಳೂರಿನಲ್ಲಿ ಮಾಡದ ತಪ್ಪಿಗೆ ನೋ ಪಾರ್ಕಿಂಗ್ ದಂಡ ಬಿದ್ದವರನ್ನು ಕೇಳಿ ನೋಡಿ, ಯಾವ ಪದ ಸರಿಯೆಂದು ಅವರೇ ಹೇಳುತ್ತಾರೆ.

ಇದು ವಾಹನ ಸವಾರರ ಪರ ವಕಾಲತ್ತಲ್ಲ. ಫುಟ್‌ಪಾತ್ ಮೇಲೆ ಸ್ಕೂಟರ್ ನಿಲ್ಲಿಸಿ ಮುದುಕರನ್ನೂ ಅಂಧರನ್ನೂ ಬಸ್ಸಿನ ಚಕ್ರದ ಕಡೆಗೆ ದೂಡುವವನಿಗೆ ದಂಡ ಬೀಳಲೇಬೇಕು. ಮಸೀದಿಯ ಮುಂದೆ, ಶಾದಿಮಹಲಿನ ಮುಂದೆ ರಸ್ತೆಯನ್ನೇ ಮುಚ್ಚುವ ನಮ್ಮವರಿಗೂ ಬೀಳಲಿ. ನನ್ನ ತಕರಾರು ಬೇರೆ. ಪೊಲೀಸರ ಫೋಟೊದಲ್ಲಿ ಗಾಡಿ ಇರುತ್ತದೆ, ನಂಬರ್ ಪ್ಲೇಟ್ ಇರುತ್ತದೆ. ಅಲ್ಲಿ ಗಾಡಿ ನಿಲ್ಲಿಸಬಾರದೆಂದು ಹೇಳುವ ಫಲಕ ಎಲ್ಲಿ? ಅದು ಮರದ ಕೊಂಬೆಯ ಹಿಂದಿತ್ತೋ, ರಸ್ತೆ ಅಗೆದವರು ಕಿತ್ತು ಮೋರಿಗೆ ಒರಗಿಸಿದ್ದರೋ, ಫೋಟೊ ಹೇಳುವುದಿಲ್ಲ. ಅಪರಾಧಕ್ಕೆ ಸಾಕ್ಷಿ ಕೇಳಿದರೆ ಗಾಡಿಗೆ ಸಾಕ್ಷಿ ಕೊಟ್ಟಂತಾಯಿತು. ಇನ್ನು ಎಂಟನ್ನು ಮೂರೆಂದು ಓದಿದ್ದು, ಕಳ್ಳ ನಂಬರ್ ಹಾಕಿಕೊಂಡವನ ಪಾಪ ನಿಜವಾದ ಮಾಲೀಕನ ತಲೆಗೆ ಬಂದದ್ದು, ಅದರ ಕಥೆಯೇ ಬೇರೆ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಸೇರಿತು. ಕ್ಯಾಮೆರಾ ನಂಬಿ ದಂಡ ಹಾಕುವುದಾದರೆ ಅಪರಾಧವೂ ನಂಬರೂ ಸ್ಪಷ್ಟವಾಗಿ ಕಾಣುವ ಫೋಟೊ, ದಿನಾಂಕ, ಹೊತ್ತು, ಸ್ಥಳ, ಕಾಯ್ದೆಯ ಕಲಂ ಎಲ್ಲವೂ ಇರಬೇಕು, 15 ದಿನದೊಳಗೆ ನೋಟಿಸು ಕಳಿಸಬೇಕು ಎಂದು ಅದು ಹೇಳಿತು. ಈ 15 ದಿನ ಸಣ್ಣ ಮಾತಲ್ಲ. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ಟೋಯಿಂಗ್ ನಿಲ್ಲಿಸಲಾಯಿತು. ಆ ಲಾರಿಯವರ ಜೋರು ಯಾರಿಗೂ ಬೇಡ, ನಿಜ. ಆದರೆ ಗಾಡಿ ಮಾಯವಾದ ಗಳಿಗೆಯಲ್ಲೇ ವಿಷಯ ತಿಳಿಯುತ್ತಿತ್ತು, ಅಲ್ಲೇ ನಿಂತು ಫಲಕ ತೋರಿಸಿ ಎನ್ನಬಹುದಿತ್ತು. ತಿಂಗಳುಗಳ ನಂತರ ಮೊಬೈಲಿಗೆ ಬಂದ ದಂಡಕ್ಕೆ ಯಾರು ಏನೆಂದು ಉತ್ತರಿಸಬೇಕು?

ಒಬ್ಬ ಎಲೆಕ್ಟ್ರಿಷಿಯನ್ ಎಂದಿಟ್ಟುಕೊಳ್ಳಿ. ತಕರಾರು ಹೇಳಲು ಠಾಣೆಗೆ ಒಂದು ದಿನ, ಆಗದಿದ್ದರೆ ಕೋರ್ಟಿಗೆ ಇನ್ನೆರಡು ದಿನ. ಮೂರು ದಿನದ ಕೂಲಿ ದಂಡಕ್ಕಿಂತ ದೊಡ್ಡದು. ಸುಮ್ಮನಿದ್ದರೆ ಬಾಕಿ ಉಳಿಯುತ್ತದೆ, ಗಾಡಿ ಮಾರಲು ಹೋದಾಗ ಕೊಳ್ಳುವವನು ಮೊದಲು ಅದನ್ನೇ ಕೇಳುತ್ತಾನೆ.

ಇಂಥವನ ಮುಂದೆ ಸರ್ಕಾರ ರಿಯಾಯಿತಿ ಹಿಡಿಯುತ್ತದೆ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡ ಕಟ್ಟಿದರೆ ಸಾಕೆಂದಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಬಂತು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಸಂತೆ. ತಪ್ಪು ಮಾಡಿದವನಿಗೆ ಇದು ಲಾಭ. ಮಾಡದವನಿಗೆ? ಅವನೂ ಸರದಿಯಲ್ಲಿ ನಿಂತು ಅರ್ಧ ಕಟ್ಟಿ ಬರುತ್ತಾನೆ. ಕಟ್ಟಿದ ಮೇಲೆ ಅವನು ಒಪ್ಪಿಕೊಂಡಂತೆ. ಪೊಲೀಸರ ತಪ್ಪು ಯಾವ ಕಡತದಲ್ಲೂ ದಾಖಲಾಗುವುದಿಲ್ಲ, ನಾಳೆ ಅದೇ ಕ್ಯಾಮೆರಾ ಅದೇ ಎಂಟನ್ನು ಮತ್ತೆ ಮೂರೆಂದು ಓದುತ್ತದೆ.

ಬಾಕಿ ವಸೂಲಿಗೆ ಮೇಳ ನಡೆಸಬಲ್ಲವರು ತಕರಾರು ಕೇಳಲು ಭಾನುವಾರ ಪ್ರತಿ ಸಂಚಾರ ಠಾಣೆಯಲ್ಲಿ ಒಂದು ಮೇಜು ಹಾಕಲಾರರೇ? ಫಲಕ ಕಾಣದ ಪಾರ್ಕಿಂಗ್ ಫೋಟೊ ಬಂದರೆ ದಂಡವನ್ನು ಅಲ್ಲೇ ವಜಾ ಮಾಡಲಿ. ಅರ್ಜಿ ತಿರಸ್ಕರಿಸಿದರೆ, ಕಾರಣ ಬರೆದು ಸಹಿ ಹಾಕಿದ ಹಿಂಬರಹ ಆ ಎಲೆಕ್ಟ್ರಿಷಿಯನ್ ಕೈಗೆ ಅಂದೇ ಸಿಗಲಿ.