ಅಪ್ಪನ 6.3

ಕಳೆದ ತಿಂಗಳು ನಮ್ಮ ನಾಟಕದ ರಿಹರ್ಸಲ್ ಬಗ್ಗೆ ಬರೆದಿದ್ದೆ. ಈ ತಿಂಗಳು ಅಪ್ಪನ ಕೊಲೆಸ್ಟರಾಲ್ ಬಗ್ಗೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದರೆ ಮೈಸೂರುಪಾಕಿನ ವಿಷಯ ಬೇಡ" ಅಂದಿದ್ದಾರೆ. ನೋಡೋಣ.

ಇಲ್ಲಿ ಇಂಗ್ಲೆಂಡಿನಲ್ಲಿ 40 ದಾಟಿದವರನ್ನು ಐದು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಗೆ ಕರೆಯುತ್ತಾರಲ್ಲ, ಆ ಕಾಗದವನ್ನು ಅಪ್ಪ ಫ್ರಿಜ್ ಮೇಲೆ ಅಂಟಿಸಿ ಮರೆತಿದ್ದರು. ಕಳೆದ ಸೆಪ್ಟೆಂಬರ್‌ನಲ್ಲಿ ಅಮ್ಮನೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಕಳಿಸಿದರು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 6.3 ಬಂತು. ಫೋನಿನಲ್ಲಿ ಶಿವಮೊಗ್ಗದ ದೊಡ್ಡಪ್ಪ "ಆರೇ ತಾನೆ? ನಮ್ಮ ಪಕ್ಕದ ಮನೆಯವರದ್ದು ನೂರೈವತ್ತು!" ಎಂದು ನಕ್ಕರು. ಇಲ್ಲಿಯದು ಮಿಲಿಮೋಲ್ ಲೆಕ್ಕ, ಊರಿನದು ಮಿಲಿಗ್ರಾಂ ಲೆಕ್ಕ. ಇಲ್ಲಿಯ ಸಂಖ್ಯೆಯನ್ನು 38.7ರಿಂದ ಗುಣಿಸಬೇಕು. ನಾನು ಗುಣಿಸಿ "244 ದೊಡ್ಡಪ್ಪ" ಅಂದೆ. ಅವರ ನಗು ನಿಂತಿತು.

ಡಾಕ್ಟರ್ ಅಪ್ಪನನ್ನು ಮೊದಲು ಕೇಳಿದ್ದು ಊಟದ ಬಗ್ಗೆ ಅಲ್ಲ, ಅಜ್ಜನ ಬಗ್ಗೆ. ನಾನು ಅಜ್ಜನನ್ನು ನೋಡಿಲ್ಲ. ತೆಳ್ಳಗಿದ್ದರಂತೆ, ದಿನಾ ತೋಟಕ್ಕೆ ನಡೆದುಕೊಂಡೇ ಹೋಗುತ್ತಿದ್ದರಂತೆ, ಮೊಟ್ಟೆ ಕೂಡ ಮುಟ್ಟಿದವರಲ್ಲ. 47ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿ ಹೋದರು. ಆಗ ಅಪ್ಪನಿಗೆ ಹದಿನಾಲ್ಕು. ಈಗ ನಲವತ್ತನಾಲ್ಕು.

"ನಾವು ಸಸ್ಯಾಹಾರಿಗಳು, ನಮಗೆಲ್ಲಿಂದ ಕೊಲೆಸ್ಟರಾಲ್?" ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅದರ ಹೆಚ್ಚು ಪಾಲು ತಟ್ಟೆಯಿಂದ ಬರುವುದಿಲ್ಲ, ದೇಹವೇ ತಯಾರಿಸುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ರಿಸೆಪ್ಟರ್‌ಗಳು ಲಿವರ್ ಮೇಲಿರುತ್ತವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆ ರಿಸೆಪ್ಟರ್‌ನ ಜೀನ್ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ? ತಮ್ಮನಿಗೆ ನಾನು ಹೀಗೆ ಹೇಳಿದೆ: ನಮ್ಮ ಬೀದಿಗೆ ಎರಡು ಕಸದ ಲಾರಿ ಬರಬೇಕು, ಹುಟ್ಟಿದಾಗಿನಿಂದ ಒಂದೇ ಬರುತ್ತಿದೆ. ನಾವು ಕಸ ಕಡಿಮೆ ಹಾಕಿದರೆ ಒಳ್ಳೆಯದೇ, ಆದರೆ ಎರಡನೇ ಲಾರಿ ಅದರಿಂದ ಬರುವುದಿಲ್ಲ.

ಅಪ್ಪನಿಗೆ ಮಾತ್ರ ಮಾತ್ರೆ ಬೇಡವಾಗಿತ್ತು. "ಒಮ್ಮೆ ಶುರುವಾದರೆ ಸಾಯೋವರೆಗೂ ನುಂಗಬೇಕು. ಊಟದಲ್ಲೇ ಇಳಿಸ್ತೀನಿ" ಅಂದರು. ಡಾಕ್ಟರ್‌ಗೆ ಅಷ್ಟು ಒಪ್ಪಿಗೆ ಇರಲಿಲ್ಲ. ಮೂರು ತಿಂಗಳು ಕೊಟ್ಟರು.

ಆ ಮೂರು ತಿಂಗಳು ನಮ್ಮ ಅಡುಗೆಮನೆ ಪ್ರಯೋಗಶಾಲೆ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಮೇಲಿನ ಶೆಲ್ಫಿಗೆ ಹೋದವು. ಕಾಯಿ ಚಟ್ನಿ ಹೋಗಿ ಹುರಿಗಡಲೆ ಚಟ್ನಿ ಬಂತು. ಓಟ್ಸ್ ದೋಸೆ, ಬಾರ್ಲಿ ಉಪ್ಪಿಟ್ಟು, ರಾತ್ರಿ ನೀರಿನಲ್ಲಿ ಇಸಬ್‌ಗೋಲ್. ಓಟ್ಸ್ ಮತ್ತು ಬಾರ್ಲಿಯಲ್ಲಿ ಬೀಟಾ ಗ್ಲೂಕನ್ ಎಂಬ ನಾರು ಇದೆ, ದಿನಕ್ಕೆ 3 ಗ್ರಾಂ ಆದರೂ ಹೊಟ್ಟೆಗೆ ಹೋದರೆ ಉಪಯೋಗ. ಜೊತೆಗೆ ಪ್ಲಾಂಟ್ ಸ್ಟೆರಾಲ್ ಸೇರಿಸಿದ ಮೊಸರಿನ ಪುಟ್ಟ ಬಾಟಲಿ. ನಿಜವಾದ ಜಗಳ ಆಗಿದ್ದು ಕಾಫಿಗೆ. ಕಾಫಿ ಬೀಜದ ಎಣ್ಣೆಯಂಶ ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದುಕೊಳ್ಳುತ್ತದೆ, ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳು ಬಿಟ್ಟುಬಿಡುತ್ತವೆ. ಹೆಸರಿಗೆ ಮಾತ್ರ ಫಿಲ್ಟರ್ ಕಾಫಿ! ಕೊನೆಗೆ ಡಿಕಾಕ್ಷನ್ನನ್ನು ಇನ್ನೊಮ್ಮೆ ಕಾಗದದಲ್ಲಿ ಸೋಸುವುದು ಅಂತ ರಾಜಿಯಾಯಿತು. (ದೀಪಾವಳಿಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ನಾಲ್ಕು ತುಂಡು ಮೈಸೂರುಪಾಕ್ ಸಿಕ್ಕಿತು. ಇಷ್ಟೇ ಹೇಳುತ್ತೇನೆ.)

ವಾಟ್ಸ್ಯಾಪ್ ಸಲಹೆಗಳೂ ಬಂದವು. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ (ಅಜ್ಜಿಗೆ ಹೇಳಬೇಡಿ), ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್. ಅಪ್ಪ ಮೂರನ್ನೂ ತರಿಸಿದರು. ಬಾಟಲಿಗಳನ್ನು ಫಾರ್ಮಸಿಸ್ಟ್‌ಗೆ ತೋರಿಸೋಣ ಎಂದು ಹಟ ಹಿಡಿದದ್ದು ನಾನು. ಮೀನೆಣ್ಣೆ ಇಳಿಸುವುದು ಟ್ರೈಗ್ಲಿಸರೈಡನ್ನು, ಎಲ್‌ಡಿಎಲ್ ಅನ್ನಲ್ಲ ಎಂದರು. ಬೆಳ್ಳುಳ್ಳಿಯನ್ನು ಸಾರಿಗೆ ಹಾಕಿ ಎಂದರು. ಮೂರನೇ ಬಾಟಲಿ ನೋಡಿ ಮಾತ್ರ ಗಂಭೀರವಾದರು. ಆ ಅಕ್ಕಿಯಲ್ಲಿರುವ ಮೊನಾಕೊಲಿನ್ ಕೆ ಮತ್ತು ಲೊವಾಸ್ಟಾಟಿನ್ ಎಂಬ ಔಷಧಿ ಎರಡೂ ಒಂದೇ ವಸ್ತು! ಯಾವ ಬಾಟಲಿಯಲ್ಲಿ ಎಷ್ಟಿದೆ ಎಂಬುದಕ್ಕೆ ಖಾತ್ರಿ ಇಲ್ಲ, ಕೆಲವದರಲ್ಲಿ ಕಿಡ್ನಿಗೆ ಕೆಟ್ಟದ್ದಾದ ಸಿಟ್ರಿನಿನ್ ಕೂಡ ಇರುತ್ತದೆ. ಸ್ಟಾಟಿನ್ ಬೇಡ ಎಂದ ಅಪ್ಪ ಲೆಕ್ಕವಿಲ್ಲದೆ ಸ್ಟಾಟಿನ್ನನ್ನೇ ನುಂಗಲು ಹೊರಟಿದ್ದರು. ಮೊದಲ ಸ್ಟಾಟಿನ್ ಸಿಕ್ಕಿದ್ದೂ ಬೂಷ್ಟಿನಲ್ಲೇ, 1970ರ ದಶಕದಲ್ಲಿ, ಜಪಾನಿನ ಅಕಿರಾ ಎಂಡೋ ಅವರಿಗೆ. ದಾರಿಯಲ್ಲಿ ಇದನ್ನು ಹೇಳಿದಾಗ ಅಪ್ಪ ಏನೂ ಮಾತಾಡಲಿಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ರಕ್ತ ಪರೀಕ್ಷೆ. 5.4. ಇಷ್ಟು ಕಷ್ಟಪಟ್ಟು ಇಳಿದದ್ದು ಅಷ್ಟು. ಅಪ್ಪ ಆ ಕಾಗದವನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದರು. ಪರೀಕ್ಷೆಗೆ ಚೆನ್ನಾಗಿ ಓದಿ ಕಡಿಮೆ ಮಾರ್ಕ್ಸ್ ಬಂದಾಗ ನಾನು ಹಾಗೇ ಕೂರುತ್ತೇನೆ. ಆದರೆ ತಪ್ಪು ಅಪ್ಪನದಲ್ಲ, ಲಾರಿಯದು. ಜನವರಿಯಲ್ಲಿ ಮಾತ್ರೆ ಶುರು ಮಾಡಿದರು. ಮಾರ್ಚ್‌ನಲ್ಲಿ 2.9! ಸ್ಟಾಟಿನ್ ಲಿವರ್‌ನಲ್ಲಿ ತಯಾರಿ ಕಡಿಮೆ ಮಾಡುತ್ತದೆ, ಆಗ ಲಿವರ್ ಹೆಚ್ಚು ರಿಸೆಪ್ಟರ್ ಹೊರಗಿಡುತ್ತದೆ. ಇರುವ ಒಂದು ಲಾರಿಯೇ ಹೆಚ್ಚು ಸಲ ಓಡುತ್ತದೆ. ಓಟ್ಸ್ ದೋಸೆ ಈಗಲೂ ಇದೆ, ಅಮ್ಮ ಅದನ್ನು ಬಿಡುವುದಿಲ್ಲ.

ಜೀನ್ ಪರೀಕ್ಷೆಯಲ್ಲೂ ಖಚಿತವಾಯಿತು. ಇದು ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಹತ್ತು ವರ್ಷದೊಳಗೇ ನೋಡಿಸಬೇಕಂತೆ, ನಾನು ಆರು ವರ್ಷ ಲೇಟು. ತಮ್ಮನಿಗೆ ಇಲ್ಲ. ನನಗೆ ಇದೆ.

ಅಪ್ಪ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ನಾನೇ, "ಅಪ್ಪಾ, ಈ ಮೂಗೂ ನಿಮ್ಮದೇ. ಅದಕ್ಕೂ ಸೇರಿಸಿ ಬೇಜಾರು ಮಾಡಿಕೊಳ್ಳಿ" ಅಂದೆ. ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡರು.

ಕ್ಲಿನಿಕ್‌ನವರು ನೆಂಟರಿಗೆ ಕೊಡಲು ಒಂದು ಪತ್ರ ಕೊಟ್ಟಿದ್ದರು, ಇಂಗ್ಲಿಷಿನಲ್ಲಿ. ದೊಡ್ಡಪ್ಪನಿಗಾಗಿ ಅದನ್ನು ಕನ್ನಡಕ್ಕೆ ಮಾಡುವ ಕೆಲಸ ನನಗೆ ಬಂತು. "ವಂಶಪಾರಂಪರ್ಯ ಕಾಯಿಲೆ" ಎಂದು ಬರೆದೆ. ಫೋನಿನಲ್ಲಿ ಓದಿದಾಗ ಅಜ್ಜಿ, "ವಂಶಕ್ಕೆ ದೋಷ ಇದೆ ಅಂತ ಬರೀತೀಯೇನೇ? ಮದುವೆಗೆ ಬಂದ ಹುಡುಗಿ ಇದ್ದಾಳೆ ಮನೇಲಿ" ಎಂದು ಗದರಿದರು. ಹೊಡೆದುಹಾಕಿ, "ಅಜ್ಜನಿಗೆ ಇದ್ದದ್ದು ಇದೇ ಇರಬೇಕು. ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗುತ್ತದೆ, ಔಷಧಿಯೂ ಇದೆ" ಎಂದು ಬರೆದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದ್ಸಲ ಓದು" ಅಂದರು.

ದೊಡ್ಡಪ್ಪನ ಎಲ್‌ಡಿಎಲ್ 231. ಮಾತ್ರೆ ಶುರುವಾಗಿದೆ. ಅಕ್ಕನ ಪರೀಕ್ಷೆ ಮುಂದಿನ ವಾರ.

ಆ ಪತ್ರದ ಕನ್ನಡ ಪ್ರತಿ ಊರಿಗೆ ಕಳಿಸಲು ಯಾರಿಗಾದರೂ ಬೇಕಿದ್ದರೆ ಭಾನುವಾರ ಕ್ಲಾಸಿನ ಹೊತ್ತಿಗೆ ನನ್ನನ್ನು ಕೇಳಿ. ಒತ್ತಕ್ಷರಗಳನ್ನು ಟೀಚರ್ ತಿದ್ದಿಕೊಟ್ಟಿದ್ದಾರೆ.