ಕಾಫಿಯೊಳಗಿನ ಒಂದು ಚಮಚ ಪ್ರಗತಿ

ಬೆಂಗಳೂರಿನಲ್ಲಿ ನೆಲೆಸಿರುವ ಮಲೆನಾಡಿನ ಗೆಳೆಯರೊಬ್ಬರ ಮನೆಗೆ ಈಚೆಗೆ ರಾತ್ರಿ ಊಟಕ್ಕೆ ಹೋಗಿದ್ದೆವು. ಊಟ ಚೆನ್ನಾಗಿತ್ತು, ಮಾತು ಅದಕ್ಕಿಂತ ಚೆನ್ನಾಗಿತ್ತು. ಕೊನೆಗೆ ಕಾಫಿ ಬಂತು. ಚಿಕ್ಕಮಗಳೂರಿನ ಬೀಜ, ಮನೆಯಲ್ಲೇ ಇಳಿಸಿದ ಡಿಕಾಕ್ಷನ್. ಅದರ ಹಿಂದೆಯೇ ಒಂದು ಬಾಟಲಿಯೂ ಬಂತು. 'ಐರಿಷ್ ಕ್ರೀಮ್. ಒಂದು ಚಮಚ ಹಾಕಲೇ?' ಎಂದು ಗೆಳೆಯರು ಕೇಳಿದರು. ಬೇಡವೆಂದೆವು. 'ಇದು ಕುಡಿತ ಅಲ್ಲ ಮಾರಾಯ್ರೆ, ಬರೀ ಕೆನೆ, ಚಾಕೊಲೇಟು. ಅದೂ ಮನೆಯೊಳಗೆ, ಯಾರಿಗೇನು ತೊಂದರೆ?' ಎಂದರು. ಮತ್ತೆ ಬೇಡವೆಂದೆವು. ಆಗ ನಗುತ್ತಲೇ ಹೇಳಿದರು: 'ನೀವೂ ಇಷ್ಟೇನಾ? ನಿಮ್ಮ ಕತೆ ಓದಿ, ನೀವು ಅದನ್ನೆಲ್ಲ ದಾಟಿದವರು ಅಂದ್ಕೊಂಡಿದ್ದೆ.'

ಗೆಳೆಯರ ಮೇಲೆ ನಮಗೆ ಕೋಪವಿಲ್ಲ. ಅವರು ಸಜ್ಜನರು, ಕೋಮುವಾದದ ವಿರುದ್ಧ ನಮ್ಮ ಜೊತೆ ಬೀದಿಗಿಳಿದವರು. ಆದರೆ ಅವರ ಮಾತಿನಲ್ಲಿ ಮೂರು ನಂಬಿಕೆಗಳಿವೆ. ಒಂದು, ಅದು ಕುಡಿತವಲ್ಲ. ಎರಡು, ಮನೆಯೊಳಗಿನ ಕುಡಿತದಿಂದ ಯಾರಿಗೂ ಏನೂ ಆಗದು. ಮೂರು, ಬೇಡವೆನ್ನುವ ಮುಸ್ಲಿಮ ಇನ್ನೂ ಏನನ್ನೋ ದಾಟಬೇಕಾದವನು. ಈ ಮೂರನ್ನೂ ನಾವು ಒಪ್ಪುವುದಿಲ್ಲ.

ಮೊದಲನೆಯದನ್ನು ನೋಡೋಣ. ಬಿಸಿ ಕಾಫಿಗೆ ವಿಸ್ಕಿ ಬೆರೆಸಿ ಮೇಲೆ ಕೆನೆ ತೇಲಿಸುವ 'ಐರಿಷ್ ಕಾಫಿ' 1940ರ ದಶಕದಲ್ಲಿ ಐರ್ಲೆಂಡಿನ ಫೋಯ್ನ್ಸ್ ಎಂಬ ವಿಮಾನ ತಂಗುದಾಣದಲ್ಲಿ ಹುಟ್ಟಿತು. ಜೋ ಶೆರಿಡನ್ ಎಂಬ ಬಾಣಸಿಗ ಚಳಿಯಲ್ಲಿ ನಡುಗುತ್ತಿದ್ದ ಪ್ರಯಾಣಿಕರಿಗಾಗಿ ಅದನ್ನು ಮಾಡಿಕೊಟ್ಟ. ಅದರಲ್ಲಿ ವಿಸ್ಕಿ ಇದೆಯೆಂದು ಯಾರೂ ಮುಚ್ಚಿಡಲಿಲ್ಲ. ಬಾಟಲಿಯಲ್ಲಿ ಬರುವ ಕ್ರೀಮ್ ಲಿಕರ್‌ನ ಕತೆ ಬೇರೆ. 1973ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಗ್ಲಕ್‌ಮನ್ ಮತ್ತು ಹ್ಯೂ ಸೀಮೋರ್-ಡೇವಿಸ್ ಎಂಬಿಬ್ಬರು ಐರಿಷ್ ಮದ್ಯ ಕಂಪನಿಯೊಂದಕ್ಕಾಗಿ ರಫ್ತು ಮಾಡಬಹುದಾದ ಹೊಸ ಪಾನೀಯವನ್ನು ಹುಡುಕುತ್ತಿದ್ದರು. ಅಂಗಡಿಯಿಂದ ವಿಸ್ಕಿ, ಕೆನೆ, ಕುಡಿಯುವ ಚಾಕೊಲೇಟ್ ಪುಡಿ ತಂದು ಅಡುಗೆಮನೆಯಲ್ಲಿ ಕಲಸಿದರು. 1974ರಲ್ಲಿ ಅದು ಬೇಲೀಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೆನೆ ನಿಜವಾದದ್ದೇ. ಬಾಟಲಿಯ ಮೇಲಿದ್ದ ಸಹಿಯ ಆರ್.ಎ. ಬೇಲಿ ಎಂಬ ಮನುಷ್ಯ ಮಾತ್ರ ಎಲ್ಲಿಯೂ ಇರಲಿಲ್ಲ.

ಅದರಲ್ಲಿರುವ ಮದ್ಯಸಾರ ಶೇ. 17. ಸಾಮಾನ್ಯ ಬಿಯರಿನದ್ದು ಶೇ. 5ರ ಆಸುಪಾಸು. ಅಂದರೆ ಅಳತೆಗೆ ಅಳತೆ ಹಿಡಿದರೆ ಈ 'ಬರೀ ಕೆನೆ' ಬಿಯರಿಗಿಂತ ಮೂರು ಪಟ್ಟು ಕಡು. 30 ಮಿಲಿ ಹಾಕಿದರೆ 5 ಮಿಲಿ ಶುದ್ಧ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. ಕಾಫಿಯ ಬಿಸಿಗೆ ಎಲ್ಲ ಆವಿಯಾಗುತ್ತದೆಂಬ ಸಮಾಧಾನವನ್ನೂ ಕೇಳಿದ್ದೇವೆ. ಲೋಟದಲ್ಲಿ ಆರುತ್ತಿರುವ ಕಾಫಿ ಕುದಿಯುವುದಿಲ್ಲ. ಹಾಕಿದ್ದರಲ್ಲಿ ಬಹುಪಾಲು ಅಲ್ಲೇ ಉಳಿಯುತ್ತದೆ. ಪ್ರಮಾಣ ಸಣ್ಣದು ಎನ್ನಿ, ಒಪ್ಪುತ್ತೇವೆ. ಕುಡಿತವೇ ಅಲ್ಲ ಎನ್ನಬೇಡಿ.

ಇನ್ನು ಎರಡನೆಯದು. ಆ ರಾತ್ರಿ ಪಾತ್ರೆ ತೊಳೆಯುವ ಹೆಂಗಸು ಬಂದಿರಲಿಲ್ಲ. 'ಗಂಡ ಕುಡುಕ, ಮತ್ತೆ ಹೊಡೆದಿರಬೇಕು, ಪಾಪ' ಎಂದು ಮನೆಯವರು ಮರುಗಿದರು. ಆ ಮಾತು ಮುಗಿಯುವ ಮೊದಲೇ ಅವರ ಲೋಟಕ್ಕೆ ಎರಡನೇ ಚಮಚ ಬಿತ್ತು. ನಮ್ಮ ಗೆಳೆಯರು ಯಾರ ಮೇಲೂ ಕೈ ಎತ್ತಿದವರಲ್ಲ. ಒಂದು ಚಮಚವನ್ನೂ ಒಂದು ಕ್ವಾರ್ಟರನ್ನೂ ಒಂದೇ ಎನ್ನುವಷ್ಟು ದಡ್ಡರೂ ನಾವಲ್ಲ. ಆದರೆ ಭಾಷೆಯನ್ನು ಗಮನಿಸಿ. ಅವನು ಕುಡಿದರೆ ಕುಡುಕ. ಇವರು ಕುಡಿದರೆ ರಸಿಕರು. ಅವನದ್ದು ಚಟ, ಇವರದ್ದು ಅಭಿರುಚಿ. ಅವನ ಮನೆ ಒಂದೇ ಕೋಣೆಯದು, ಕುಡಿದದ್ದು ಬೀದಿಗೆಲ್ಲ ಕೇಳಿಸುತ್ತದೆ. ಇವರ ಮನೆಗೆ ಗೋಡೆಗಳಿವೆ.

ಸರ್ಕಾರದ ಲೆಕ್ಕವೂ ಇದೇ ಗೋಡೆಯನ್ನು ನೋಡುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಬಡವನ ಪಾಕೀಟು ಹೋಯಿತು, ಕುಡಿತ ಹೋಗಲಿಲ್ಲ. ಅವನು ಅದಕ್ಕಿಂತ ದುಬಾರಿಯಾದ ಅಗ್ಗದ ವಿಸ್ಕಿ, ಬ್ರಾಂದಿಗೆ ಹೊರಳಿದ. ಮದ್ಯ ಬಿಡಿಸಲು ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. 2025-26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟಿತು. 2024ರ ಆಗಸ್ಟಿನಲ್ಲಿ ನೆರೆರಾಜ್ಯಗಳ ಬೆಲೆಗೆ ಸಮ ಮಾಡಲೆಂದು ದುಬಾರಿ ಮದ್ಯಗಳ ಸುಂಕವನ್ನು ಇಳಿಸಲಾಯಿತು. ಉಳ್ಳವರ ಬಾಟಲಿಯ ಮೇಲೆ ಎಂಥ ಕರುಣೆ! ಅದಕ್ಕೂ ಮೊದಲು, 2019ರ ಜನವರಿಯಲ್ಲಿ, ಮದ್ಯ ನಿಷೇಧಿಸಿ ಎಂದು ಹಳ್ಳಿಗಳ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದಿದ್ದರು. ಹಾಗೆ ನಡೆದ ಹೆಂಗಸರನ್ನು 'ಯಾರಿಗೇನು ತೊಂದರೆ' ಎಂದು ಕೇಳಿ ನೋಡಿ.

ಹಾಗೆಂದು ಪೊಲೀಸರನ್ನು ಮನೆಮನೆಗೆ ನುಗ್ಗಿಸಿ ಎಂದು ನಾವು ಹೇಳುತ್ತಿಲ್ಲ. ಬಿಹಾರದಲ್ಲಿ 2016ರಲ್ಲಿ ಪೂರ್ಣ ನಿಷೇಧ ಬಂತು. 2022ರ ಡಿಸೆಂಬರಿನಲ್ಲಿ ಅಲ್ಲಿನ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ಹತ್ತಾರು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಬಡವರೇ. ಲಾಠಿ ಕೂಡ ಗೋಡೆ ಇಲ್ಲದ ಮನೆಯನ್ನೇ ಹುಡುಕುತ್ತದೆ. ನಾವು ಕೇಳುವುದು ಇಷ್ಟೇ: ಸಜ್ಜನರು ತಮ್ಮ ಲೋಟದಲ್ಲಿರುವುದನ್ನು ಅದರ ಹೆಸರಿನಿಂದಲೇ ಕರೆಯಲಿ. ಆಗ ಬಡವನ ಬಗ್ಗೆ ಆಡುವ ಮಾತಿನ ದನಿಯಾದರೂ ಬದಲಾಗಬಹುದು.

ಮೂರನೆಯದು ನಮ್ಮನ್ನು ಹೆಚ್ಚು ಚುಚ್ಚಿದ್ದು. ಮುಸ್ಲಿಮ ಲೇಖಕನೊಬ್ಬ ಪ್ರಗತಿಪರನೆಂದು ಸಾಬೀತಾಗುವುದು ಯಾವುದರಿಂದ? ತಲಾಖಿನ ಹೆಸರಿನಲ್ಲಿ ನಡೆಯುವ ಅನ್ಯಾಯದ ಬಗ್ಗೆ ಬರೆದು ಬೈಸಿಕೊಂಡದ್ದು ಸಾಲದು, ಹೆಣ್ಣುಮಕ್ಕಳ ಓದಿಗಾಗಿ ಜಮಾತಿನವರೊಂದಿಗೆ ಜಗಳವಾಡಿದ್ದು ಸಾಲದು. ಕೊನೆಗೆ ಪರೀಕ್ಷೆ ಒಂದು ಚಮಚದ್ದು! ಕುಡಿಯದ ಗಾಂಧಿವಾದಿಯನ್ನು ಯಾರೂ ಹೀಗೆ ಕೇಳುವುದಿಲ್ಲ. ಅವನದ್ದು ತತ್ವ, ನಮ್ಮದು ಮಾತ್ರ ಮೌಢ್ಯ. ಬೇಡವೆನ್ನುವ ಬುದ್ಧಿ ನಮಗೆ ಸ್ವಂತದ್ದಾಗಿ ಇರಲಾರದೆಂಬ ಈ ಭಾವನೆಯನ್ನು ಗೆಳೆಯರು ಒಮ್ಮೆ ಪರೀಕ್ಷಿಸಿಕೊಳ್ಳಲಿ.

ಸಾಹಿತ್ಯದ ಸಾಕ್ಷಿಯನ್ನೂ ಅವರು ತಂದರು. ಗಾಲಿಬ್ ಕುಡಿಯಲಿಲ್ಲವೇ ಎಂದರು. ಕುಡಿದ, ಮತ್ತು ಮುಚ್ಚಿಡಲಿಲ್ಲ. ಆದರೆ ಅದೇ ಉರ್ದುವಿನಲ್ಲಿ ರಿಯಾಜ್ ಖೈರಾಬಾದಿ ಇದ್ದಾರೆ. ಮದಿರೆಯ ಕವಿಯೆಂದೇ ಹೆಸರಾದವರು, ಮದಿರೆ ಮುಟ್ಟದವರು. ಕನ್ನಡದಲ್ಲಿ 'ರತ್ನನ ಪದಗಳು' ಬರೆದ ಜಿ.ಪಿ. ರಾಜರತ್ನಂ ಇದ್ದಾರೆ. ಹೆಂಡಗುಡುಕನ ಬಾಯಿಂದ ಪದ ಕಟ್ಟಿದವರು, ಹೆಂಡ ಕುಡಿಯದವರು. ಕುಡಿಯದೆಯೂ ಕುಡಿಯುವವನ ಎದೆಯನ್ನು ಅರಿತ ಈ ಇಬ್ಬರನ್ನು ನಾವು ಎರಡು ಭಾಷೆಗಳ ಶಾಲೆಗಳಲ್ಲಿ ಓದಿದವರು. ಅವರು ಏನನ್ನು ದಾಟಬೇಕಿತ್ತು?

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಸವನ್ನೂ ಗುಡಿಸಬೇಕು. ನಮ್ಮ ಮೊಹಲ್ಲಾಗಳಲ್ಲಿ ಕುಡಿದು ತೂರಾಡುವ ಹಮಾಲಿಗೆ ಮಾತಿನ ಛಡಿಯೇಟು ಬೀಳುತ್ತದೆ. ಕಪಾಟಿನಲ್ಲಿ ಬಾಟಲಿ ಇಟ್ಟುಕೊಂಡ ಸಾಹುಕಾರನಿಗೆ ಜಲ್ಸಾದಲ್ಲಿ ಮುಂದಿನ ಕುರ್ಚಿ ಸಿಗುತ್ತದೆ. ಶರಾಬು ಹರಾಮೆಂದು ಗುಡುಗುವ ಬಾಯಿ 'ಜೋಡೆ ಕಿ ರಕಮ್' ಎಣಿಸುವಾಗ ಮುಚ್ಚಿರುತ್ತದೆ. ನಿಷೇಧಿಸುವ ಉತ್ಸಾಹ ನಮ್ಮವರಿಗೆ ಹಳೆಯದು. ಯಮನಿನ ಸೂಫಿಗಳು ರಾತ್ರಿಯ ಜಿಕ್ರ್‌ಗೆ ನಿದ್ದೆ ಬಾರದಿರಲೆಂದು ಕುಡಿಯುತ್ತಿದ್ದ ಕಾಫಿಯನ್ನೇ 1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ಅಮಲಿನ ವಸ್ತುವೆಂದು ನಿಷೇಧಿಸಿದ. ಆ ನಿಷೇಧ ನಿಲ್ಲಲಿಲ್ಲ. ನಿಂತಿದ್ದರೆ, ಬಾಬಾ ಬುಡನ್ ತಂದರೆಂದು ಐತಿಹ್ಯ ಹೇಳುವ ಆ ಏಳು ಬೀಜಗಳು ನಮ್ಮ ಗಿರಿಯನ್ನು ಹತ್ತುತ್ತಿರಲಿಲ್ಲ.

ಹಾಗಾದರೆ ಮದ್ಯದ ಮೇಲಿನ ಆರೋಪವೂ ನಾಳೆ ಬಿದ್ದುಹೋಗಬಹುದಲ್ಲ ಎಂದು ಕೇಳಬಹುದು. ಕಾಫಿಯ ಮೇಲಿನ ಆರೋಪವನ್ನು ಜನ ಕುಡಿದು ಪರೀಕ್ಷಿಸಿದರು, ಅದು ಬಿತ್ತು. ಮದ್ಯವನ್ನು ವಿಜ್ಞಾನವೇ ಪರೀಕ್ಷಿಸಿತು, ಆರೋಪ ಗಟ್ಟಿಯಾಯಿತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಇದನ್ನು ಹೇಳಿದವರು ಮೌಲ್ವಿಗಳಲ್ಲ.

ಗೆಳೆಯರು ತಮ್ಮ ಮನೆಯಲ್ಲಿ, ತಮ್ಮ ಲೋಟದಲ್ಲಿ ಏನು ಬೆರೆಸುತ್ತಾರೆಂಬುದು ಅವರಿಗೆ ಬಿಟ್ಟದ್ದು. ಅತಿಥಿಯನ್ನು ಒಮ್ಮೆ ಕೇಳುವುದು ಸತ್ಕಾರ. ಎರಡನೇ ಸಲ ಕೇಳುವುದು ಒತ್ತಾಯ. ಮೂರನೇ ಸಲ ಅವನ ಕತೆಗಳನ್ನು ಎಳೆತಂದು ಕೇಳುವುದು ವಿಚಾರಣೆ. ಅಂದು ರಾತ್ರಿ ನಾವು ಹಾಲು ಹಾಕದ ಕಾಫಿಯನ್ನೇ ಎರಡು ಲೋಟ ಕುಡಿದು ಎದ್ದೆವು.

ಮುಂದಿನ ತಿಂಗಳು ಅವರು ಸಂಸಾರ ಸಮೇತ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಬಿರಿಯಾನಿಯ ನಂತರ ಕಾಫಿ ಇರುತ್ತದೆ. ಹಾಲು, ಸಕ್ಕರೆ ಎರಡೂ ಇರುತ್ತವೆ. ಅವರು ನಿಜವಾಗಿ ಪ್ರಗತಿಪರರೋ ಅಲ್ಲವೋ ಎಂದು ನಾವು ಕೇಳುವುದಿಲ್ಲ.