ಹಳೆಯ ಪೇಟಿಯ ಗಾಂಧಾರ

ಹಳೆಯ ಹಾರ್ಮೋನಿಯಂ ಒಂದು ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಮನೆಗಳು ನಮ್ಮ ಓದುಗ ಬಂಧುಗಳಲ್ಲಿ ಹಲವು ಇರಬಹುದು. ಒಂದು ಕಾಲದಲ್ಲಿ ಶ್ರಾವಣದ ಪುರಾಣಕ್ಕೂ ವಚನಗಾಯನಕ್ಕೂ ಒದಗಿದ ಆ ಪೇಟಿಯನ್ನು ಕೆಳಗಿಳಿಸಿ ತಾವೇ ರಿಪೇರಿ ಮಾಡುವ ಹುಮ್ಮಸ್ಸು ಯಾರಿಗಾದರೂ ಬಂದಲ್ಲಿ, ನಮ್ಮ ಅನುಭವವನ್ನು ಒಮ್ಮೆ ಓದಿಕೊಳ್ಳಬೇಕೆಂದು ವಿನಂತಿ.

ಮಗಳು ವಚನ ಹಾಡಲು ಕಲಿಯುತ್ತಿದ್ದಳು. ಹೊಸ ಪೇಟಿ ಕೊಳ್ಳುವ ಅನುಕೂಲವಿರಲಿಲ್ಲ. ಗುಜರಿ ಅಂಗಡಿಯಲ್ಲಿ 1,500 ರೂಪಾಯಿಗೆ ಒಂದು ದೊರೆಯಿತು. ಅದು ಯಾರ ಮನೆಯದೆಂದು ಮಾರಿದವನೂ ಅರಿಯ. ತಿದಿಯ ಮಡಿಕೆಗಳ ಮೂಲೆ ಬಿರಿದು, ಎಷ್ಟು ಒತ್ತಿದರೂ ಗಾಳಿ ನಿಲ್ಲುತ್ತಿರಲಿಲ್ಲ. ಮನೆಗಳ ಅಡಿಯ ಬಟ್ಟೆಯನ್ನು ಹುಳು ತಿಂದಿತ್ತು. ತೆಳುವಾದ ಮೇಕೆ ಚರ್ಮದ ಪಟ್ಟಿಗಳನ್ನು ಅಂಟಿಸಿ ಒಂದು ದಿನ ಒಣಗಲು ಬಿಟ್ಟೆವು. ರೀಡುಗಳ ಧೂಳನ್ನು ಒಣ ಕುಂಚದಿಂದ ಜಾಡಿಸಿ, ಹಿತ್ತಾಳೆಯ ನಾಲಗೆಗಳ ಅಡಿಯಲ್ಲಿ ಕಾಗದದ ಚೂರನ್ನು ಮೆಲ್ಲನೆ ಆಡಿಸಿದೆವು. ಸತ್ತೇಹೋಗಿವೆ ಎಂದುಕೊಂಡಿದ್ದ ಸ್ವರಗಳು ಬಹುಪಾಲು ಅಷ್ಟಕ್ಕೇ ನುಡಿದವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ನಾವು ಮೊಬೈಲಿನಲ್ಲಿ ಶ್ರುತಿ ಅಳೆಯುವ ಆ್ಯಪ್ ತೆರೆದು ಕುಳಿತೆವು. ಬಿಳಿ ಒಂದನ್ನು ಷಡ್ಜವೆಂದು ಹಿಡಿದರೆ ರಿಷಭ, ಮಧ್ಯಮ, ಪಂಚಮಗಳು ಹೆಚ್ಚುಕಡಿಮೆ ಸರಿಯಾಗಿದ್ದವು. ಗಾಂಧಾರ, ಧೈವತ, ನಿಷಾದಗಳು ಮಾತ್ರ ತಗ್ಗಿದ್ದವು. ಪ್ರತಿ ಸಪ್ತಕದಲ್ಲೂ ಅವೇ ಮೂರು. ತಾನಾಗಿ ಕೆಟ್ಟ ವಾದ್ಯ ಹೀಗೆ ಸಾಲು ಹಿಡಿದು ಕೆಡುವುದುಂಟೆ? ಈ ಪ್ರಶ್ನೆ ಅಂದು ನಮಗೆ ಹೊಳೆಯಲೇ ಇಲ್ಲ. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ ಎಂಬಷ್ಟು ತಿಳಿದಿತ್ತು. ಅರ ಹಿಡಿದು ಮಧ್ಯ ಸಪ್ತಕದ ಗಾಂಧಾರದ ತುದಿಯನ್ನು ಕೆರೆದು, ಮೊಬೈಲಿನ ಮುಳ್ಳು ನಡುವೆ ನಿಂತಾಗ ಹಿಗ್ಗಿದೆವು.

ಸಂಜೆ ಹಾಡಲು ಕುಳಿತ ಮಗಳು, “ಅಪ್ಪಾಜಿ, ಮೊದಲ ಛಲೋ ಇತ್ತಲ್ಲ” ಎಂದಳು. ನಾವು ಅವಳನ್ನೇ ಗದರಿದೆವು.

ವಾರದ ಬಳಿಕ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಹಿರಿಯ ಸಂಗೀತ ಮಾಸ್ತರರೊಬ್ಬರು ಮನೆಗೆ ಬಂದರು. ಅವರಿಗೆ ಕಣ್ಣು ಕಾಣದು. ಪೇಟಿಯ ಮೇಲೆ ಕೈಯಾಡಿಸಿ, ಒಂದೊಂದೇ ಮನೆ ಒತ್ತುತ್ತ ಬಂದವರು ತಟ್ಟನೆ ನಿಂತರು. “ಈ ಗಾಂಧಾರಕ್ಕ ಯಾರು ಕೈ ಹಚ್ಯಾರ್ರೀ?”

ಒಂದು ಸಪ್ತಕವನ್ನು 12 ಸಮಭಾಗ ಮಾಡುವ ಪದ್ಧತಿಯೇ ಆ ಆ್ಯಪಿನ ಅಳತೆ. ಅಂಥ ಒಂದು ಭಾಗವನ್ನು 100 ಪಾಲು ಮಾಡಿದರೆ, ಷಡ್ಜದೊಡನೆ ನಿಜವಾಗಿ ಕೂಡುವ ಶುದ್ಧ ಗಾಂಧಾರ ಅದಕ್ಕಿಂತ ಸುಮಾರು 14 ಪಾಲು ಕೆಳಗಿದೆ. ಮಾಸ್ತರರು ಷಡ್ಜವನ್ನು ತಾರ ಸಪ್ತಕದ ಗಾಂಧಾರದೊಡನೆ ಒತ್ತಿ ಹಿಡಿದರು. ನಾದ ತುಂಬಿದ ಕೊಡದಂತೆ ನಿಂತಿತು. ಅನಂತರ ನಾವು ಕೆರೆದ ಗಾಂಧಾರದೊಡನೆ ಒತ್ತಿದರು. ಅಲೆ ಅಲೆಯಾಗಿ ನಡುಗಿತು. ಯಾರೋ ಗಾಯಕರು ತಮ್ಮ ಕಂಠಕ್ಕೆ ತಕ್ಕಂತೆ, ಬಿಳಿ ಒಂದರ ಶ್ರುತಿಗೆ, ಕಿವಿಯಿಂದಲೇ ಕೂಡಿಸಿಕೊಂಡ ಪೇಟಿ ಅದು ಎಂದರು. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದೆಂಬ ಆಕ್ಷೇಪದಿಂದ ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟು, 1971ರವರೆಗೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಆ ಆಕ್ಷೇಪಕ್ಕೆ ಹೆಸರರಿಯದ ಆ ಗಾಯಕರು ತಮ್ಮ ಮನೆಯಲ್ಲಿ ಕುಳಿತು ಕೊಟ್ಟಿದ್ದ ಉತ್ತರವನ್ನು ನಾವು ಹತ್ತು ನಿಮಿಷದಲ್ಲಿ ಅಳಿಸಿದ್ದೆವು.

ಮಾಸ್ತರರು ನಮ್ಮನ್ನು ಬೈಯಲಿಲ್ಲ. ರೀಡಿನ ಬುಡವನ್ನು ಎರಡು ಮೂರು ಸಲ ಸವರಿ, ಕೇಳಿ, ಮತ್ತೆ ಸವರಿ, ಸ್ವರವನ್ನು ಅದರ ಸ್ಥಾನಕ್ಕೆ ತಂದರು. ಆದರೆ ಎರಡೂ ಕಡೆ ಸವೆದ ಹಿತ್ತಾಳೆಯ ದನಿ ಈಗ ಕ್ಷೀಣ. ಜೋರಾಗಿ ತಿದಿ ಒತ್ತಿದರೆ ಒಡೆಯುತ್ತದೆ. ಧೈವತ, ನಿಷಾದಗಳು ನಮ್ಮ ಕೈಗೆ ಸಿಗದೆ ಉಳಿದವು. ಬೇರೆ ರೀಡು ಹಾಕಬಹುದು, ಅದನ್ನು ಮೇಲಿನ ಗಾಂಧಾರಕ್ಕೆ ಕೂಡಿಸಬೇಕು ಎಂದಿದ್ದಾರೆ. ಶ್ರಾವಣದೊಳಗೆ ಮತ್ತೆ ಬರಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಅರವನ್ನು ಮಗಳು ಎಲ್ಲಿಯೋ ಬಚ್ಚಿಟ್ಟಿದ್ದಾಳೆ, ನಾವೂ ಕೇಳಿಲ್ಲ.